ಅಪ್ಪನ ಕೈ ಹೇಳಿದ್ದು

ಭಾನುವಾರ, ಮಧ್ಯಾಹ್ನ

ನನ್ನ ಜಡೆ ಹೆಣೆದು ಮುಗಿಸಿ, ತನ್ನ ಜಡೆಯನ್ನು ದಾರಿಯಲ್ಲಿ ಹೆಣೆದುಕೊಳ್ಳುತ್ತ ಶಾಲೆಗೆ ಓಡುತ್ತಿದ್ದ ಅಕ್ಕನಿಗೆ,

ನಿನ್ನ ಕಾಗದ ಬಂತು. ಅಷ್ಟು ದೊಡ್ಡ ಹಾಳೆಯಲ್ಲಿ ಎರಡೇ ಸಾಲು. 'ಕೊನೆಗೆ ಅಪ್ಪನ ಕೈ ಏನು ಹೇಳಿತು, ಅದನ್ನು ಬರೆ. ಆಮೇಲೆ ನಾನು ಮನೆಗೆ ಬರುವುದೋ ಬೇಡವೋ ನೋಡೋಣ.' ಕೆಳಗೆ ಹೆಸರೂ ಇಲ್ಲ. ಡ್ಯೂಟಿ ಮುಗಿಸಿ ಹೋಗುವ ನರ್ಸ್ ಮುಂದಿನವಳಿಗೆ ಚೀಟಿ ಬರೆದಿಟ್ಟ ಹಾಗಿದೆ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯಲು ನನಗೂ ಪೆನ್ನು ಏಳುತ್ತಿಲ್ಲ, ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ.

ಕರಪತ್ರ ನಿನ್ನ ಕೈಗೆ ಸಿಕ್ಕಿರಬೇಕು, ಇಲ್ಲದಿದ್ದರೆ ನೀನು ಹೀಗೆ ಕೇಳುತ್ತಿರಲಿಲ್ಲ. ಮೇಲುಗಡೆ ಅಗಲವಾಗಿ ತೆರೆದ ಅಂಗೈಯ ಚಿತ್ರ, ಅದರ ಕೆಳಗೆ 'ಓಡಲಿ' ಎಂಬ ಒಂದೇ ಪದ. ಬರೆದವಳು ನಾನು. ಅಚ್ಚು ಹಾಕಿಸಿದ್ದು ಕಾರ್ಮಿಕರ ಪರ ನಿಂತ ನಮ್ಮ ಬಳಗ. ಬಸ್ ನಿಲ್ದಾಣದ ಗೋಡೆ, ನೀರಿನ ಟ್ಯಾಂಕಿನ ಗೋಡೆ, ಗಿರಣಿಯ ಕಾಂಪೌಂಡು, ಎಲ್ಲ ಕಡೆ ಈಗ ಆ ಅಂಗೈ ಇದೆ. ಗಿರಣಿಯವರು ಹರಿದು ಹಾಕುತ್ತಾರೆ, ನಾವು ಮತ್ತೆ ಅಂಟಿಸುತ್ತೇವೆ.

ಗಿರಣಿಯ ಕೈಭಾಷೆಯನ್ನು ನಿನಗೆ ನಾನು ಹೇಳಬೇಕಿಲ್ಲ, ನನಗೆ ಕಲಿಸಿದವಳೇ ನೀನು. ಆದರೂ ಬರೆಯುತ್ತೇನೆ, ಬರೆದರೆ ಮುಂದಿನದು ಸಲೀಸಾಗಬಹುದು. ಬಿಳಿಕಲ್ಲನ್ನು ಹಿಟ್ಟು ಮಾಡಿ ಗಾಜಿನ ಕಾರ್ಖಾನೆಗೆ ಕಳಿಸುವ ಆ ಶೆಡ್ಡಿನೊಳಗೆ ಪಕ್ಕದಲ್ಲಿ ನಿಂತು ಕಿರುಚಿದರೂ ಕೇಳುವುದಿಲ್ಲ. ಅದಕ್ಕೇ ಕೈ. ಅಂಗೈ ತೆರೆದು ಎತ್ತಿದರೆ, ಯಂತ್ರ ಓಡಲಿ. ಮುಷ್ಟಿ ಕಟ್ಟಿದರೆ, ನಿಲ್ಲಿಸು. ಬಲಗೈಯನ್ನು ಎಡಭುಜದ ಮೇಲೆ ಇಟ್ಟುಕೊಂಡರೆ, ಬದಲಿ ಬೇಕು, ಯಂತ್ರ ನಿಲ್ಲುವುದು ಬೇಡ, ನನ್ನ ಕೈಯಲ್ಲಿ ಆಗುತ್ತಿಲ್ಲ, ಯಾರಾದರೂ ಬನ್ನಿ. ಅಪ್ಪ ಅದನ್ನೆಲ್ಲ ಮನೆಗೂ ತಂದ. ನಾನು ತೊಟ್ಟಿಲಲ್ಲಿದ್ದಾಗ ಅಮ್ಮ ತೂಗಿ ತೂಗಿ ಸೋತು ಭುಜ ಮುಟ್ಟಿಕೊಂಡರೆ ನೀನು ಪುಸ್ತಕ ಕೆಳಗಿಟ್ಟು ಓಡಿ ಬರುತ್ತಿದ್ದೆಯಂತೆ. ನಾನು ದೊಡ್ಡವಳಾಗಿ, ಬಳಗದ ಪುಸ್ತಿಕೆಗಳನ್ನು ಓದಿ ಬಂದು ಊಟದ ತಟ್ಟೆಯ ಮುಂದೆ ವಾದ ಶುರು ಮಾಡಿದರೆ ಅಪ್ಪ ಮುಷ್ಟಿ ತೋರಿಸುತ್ತಿದ್ದ. "ನಮ್ಮ ಭಾಷಣ ಶುರುವಾಯ್ತು, ಯಾರಾದ್ರೂ ಮೋಟರ್ ಆಫ್ ಮಾಡ್ರಪ್ಪ" ಅನ್ನುತ್ತಿದ್ದ. ಹಾಗೇ ನನಗೆ ಭಾಷಣ ಎಂಬ ಹೆಸರು ಬಿತ್ತು. ಕಲ್ಲಿನ ಧೂಳು ಎದೆಯಲ್ಲಿ ಗಟ್ಟಿಯಾಗಿ ಉಸಿರು ಕಡಿಮೆಯಾದ ಮೇಲೆ ಆ ತಮಾಷೆಗಳೂ ನಿಂತವು. ಮಾತಿಗೆ ಗಾಳಿ ಬೇಕಲ್ಲ. ಇದ್ದ ಗಾಳಿಯನ್ನು ನ್ಯಾಯಮಂಡಳಿಯ ಮುಂದೆ ಸಾಕ್ಷಿ ಹೇಳಲು ಖರ್ಚು ಮಾಡೋಣ ಎಂದು ಉಳಿಸಿಡುತ್ತಿದ್ದ. ನಮ್ಮ ಜೊತೆ ಕೈಯಲ್ಲೇ ಮಾತು.

ಆ ಸಾಕ್ಷಿ ಎಷ್ಟು ದೊಡ್ಡದು ಎಂದು ನಿನಗೆ ಪೂರ್ತಿ ಗೊತ್ತಿಲ್ಲ ಅಂತ ನನಗೆ ಅನಿಸುತ್ತದೆ. ನೀನು ಅಪ್ಪನನ್ನು ರೋಗಿ ಎಂದು ನೋಡಿದೆ. ಅದು ತಪ್ಪಲ್ಲ. ಆದರೆ ಹನ್ನೊಂದು ಮಂದಿಯ ಎದೆಯಲ್ಲಿ ಅದೇ ಕಲ್ಲಿದೆ, ಆ ಹನ್ನೊಂದು ಮಂದಿಯ ಪರಿಹಾರದ ಕೇಸು ಒಂದೇ ಪ್ರಶ್ನೆಯ ಮೇಲೆ ನಿಂತಿತ್ತು. ಮೂಟೆ ತುಂಬುವ ಕೋಣೆಯಲ್ಲಿ ಧೂಳು ಹೀರುವ ಫ್ಯಾನು ಇತ್ತೋ ಇಲ್ಲವೋ. ಯಾವಾಗಲೂ ಇತ್ತು ಎಂದು ಗಿರಣಿ ಹೇಳಿತು. ಅದನ್ನು ಬಿಚ್ಚಿ ಇನ್ನೊಂದು ಘಟಕಕ್ಕೆ ಸಾಗಿಸಿದವನು ಅಪ್ಪ, ಮ್ಯಾನೇಜರನ ಮಾತಿನ ಮೇಲೆ, ತನ್ನ ಕೈಯಾರೆ. ಏಣಿ ಹಿಡಿದಿದ್ದವರು ಮೇಸ್ತ್ರಿ. ಮೇಸ್ತ್ರಿಯ ಮಗ ಈಗಲೂ ಅಲ್ಲೇ ಕೆಲಸಕ್ಕಿದ್ದಾನೆ, ಆದ್ದರಿಂದ ಆಗ ಅವರು ಬಾಯಿ ಬಿಡಲಿಲ್ಲ. ಉಳಿದವನು ಅಪ್ಪ ಒಬ್ಬನೇ.

ಅಪ್ಪ ಮಂಡಳಿಯವರೆಗೆ ಬರಲಾರ ಎಂದು ಡಾಕ್ಟರು ಬರೆದುಕೊಟ್ಟರು. ಹಾಗಾದರೆ ಮನೆಯಿಂದಲೇ ಕಂಪ್ಯೂಟರಿನಲ್ಲಿ ಸಾಕ್ಷಿ ಹೇಳಲಿ, ಮೊಬೈಲ್ ನಡೆಯುವುದಿಲ್ಲ, ನಮ್ಮ ಪ್ರೋಗ್ರಾಂ ಹಾಕಿಕೊಳ್ಳಿ ಎಂದು ಮಂಡಳಿ ದಿನ ಕೊಟ್ಟಿತು. ಆ ಪ್ರೋಗ್ರಾಂ ನಮ್ಮ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ನಿನಗೆ ನೆನಪಿದೆಯಲ್ಲ, ನೀನು ನರ್ಸಿಂಗ್ ಓದುವಾಗ ಹಳೆಯದನ್ನೇ ತಂದದ್ದು. ಅದರೊಳಗಿನ ಸಿಸ್ಟಂ ಅಷ್ಟೇ ಹಳೆಯದು. ಎಲ್ಲವನ್ನೂ ಅಳಿಸಿ ಹೊಸ ಸಿಸ್ಟಂ ಹಾಕಬೇಕಿತ್ತು.

ಇದರ ನಡುವೆ ಗಿರಣಿಯ ವಕೀಲರಿಂದ ಬಹಳ ವಿನಯದ ಒಂದು ಫೋನು ಬಂತು. ನಮ್ಮ ಆಫೀಸಿನಲ್ಲಿ ಹೊಸ ಕಂಪ್ಯೂಟರ್ ಇದೆ, ಆಕ್ಸಿಜನ್ ಸಮೇತ ಕಾರು ಕಳಿಸುತ್ತೇವೆ, ಹಿರಿಯರು ಆರಾಮಾಗಿ ಕೂತು ಹೇಳಲಿ ಎಂದರು. ನಾನು ಅಲ್ಲೇ ಫೋನಿಟ್ಟೆ. ಅಪ್ಪ ಮಾತ್ರ ಉಳಿಸಿಟ್ಟ ಗಾಳಿಯಲ್ಲಿ ಸ್ವಲ್ಪ ಖರ್ಚು ಮಾಡಿದ. "ಹೋಗೋಣ ಬಿಡೇ. ಕುರ್ಚಿ ಅವರದಾದ್ರೇನು, ಬಾಯಿ ನಂದಲ್ವಾ" ಅಂದ. ಅಲ್ಲಿ ಮ್ಯಾನೇಜರ್ ನಿನ್ನ ಎದುರಿಗೇ ನಿಂತಿರ್ತಾನೆ ಅಪ್ಪ ಎಂದೆ. "ನಿಂತ್ಕೊಳ್ಳಿ. ಇಷ್ಟು ವರ್ಷ ನಾನು ಅವನ ಮುಂದೆ ನಿಂತಿಲ್ವಾ. ಅವನೂ ಒಂದು ದಿನ ನಿಂತ್ರೆ ಕಾಲು ನೋಯುತ್ತೆ, ಅಷ್ಟೇ" ಅಂದ. ಅಮ್ಮ ನಕ್ಕಳು. ನಾನು ನಗಲಿಲ್ಲ. ಧೂಳು ಕುಡಿಸಿದವರ ಕಾರಿನಲ್ಲಿ ಕೂತು, ಅವರು ಕೊಟ್ಟ ಗಾಳಿ ಉಸಿರಾಡುತ್ತ ಅವರ ವಿರುದ್ಧ ಹೇಳುವುದು ಸಾಕ್ಷಿಯಲ್ಲ, ಭಿಕ್ಷೆ ಎಂದೆ. ಇವತ್ತೂ ಹಾಗೇ ಅನ್ನುತ್ತೇನೆ. ಅಪ್ಪ ಕೈ ಬೀಸಿ ಗೋಡೆಯ ಕಡೆ ತಿರುಗಿಕೊಂಡ.

ನಾನು ರಿಪೇರಿ ಅಂಗಡಿಗೆ ಹೋದೆ. ಆ ಅಣ್ಣ ನಮ್ಮ ಮಾಡೆಲ್ಲಿನ ಹೆಸರು ಕೇಳಿಯೇ, "ಏನಮ್ಮಾ, ಇದು ಕಂಪ್ಯೂಟರ್ರಾ ಸ್ಮಾರಕಾನಾ" ಅಂದ. ಆಮೇಲೆ ಸರಿಯಾಗಿ ವಿವರಿಸಿದ. ಯಂತ್ರ ಕಣ್ಣು ಬಿಟ್ಟ ಕೂಡಲೇ, ಉಳಿದ ಯಾವುದೂ ಶುರುವಾಗುವ ಮುಂಚೆ, ತನಗೆ ಡಿಸ್ಕ್ ಇದೆಯೇ ಕೀಲಿಮಣೆ ಇದೆಯೇ ಎಂದು ತಾನೇ ತಡವಿ ನೋಡಿಕೊಳ್ಳುವ ಒಂದು ಸಣ್ಣ ಪ್ರೋಗ್ರಾಂ ಬೋರ್ಡಿನಲ್ಲೇ ಇರುತ್ತದೆ, ಅದಕ್ಕೆ ಬಯೋಸ್ ಎನ್ನುತ್ತಾರೆ. ನಮ್ಮದರಲ್ಲಿ ಅದು ತೀರಾ ಹಳೆಯದು, ಹೊಸ ಸಿಸ್ಟಮ್ಮನ್ನು ಗುರುತಿಸುವುದೇ ಇಲ್ಲ. "ಮೊದಲು ಬಯೋಸ್ ಅಪ್‌ಡೇಟ್ ಮಾಡು, ಆಮೇಲೆ ಹೊಸದು ಹಾಕು. ಉಲ್ಟಾ ಮಾಡಿದ್ರೆ ಅರ್ಧದಲ್ಲಿ ಕೂತ್ಕೊಳ್ಳುತ್ತೆ. ಇನ್ನೊಂದು, ಬಯೋಸ್ ಬರ್ಕೊಳ್ತಿರೋವಾಗ ಕರೆಂಟ್ ಹೋಯ್ತೋ, ಬೋರ್ಡು ಸತ್ತಂಗೆ. ಆಮೇಲೆ ಗಾಳಿಗೆ ಬಾಗಿಲು ಬಡೀದೆ ಇರೋಕೆ ಅಡ್ಡ ಇಟ್ಕೊ." ತಂದುಬಿಡು, ನಾಡಿದ್ದು ನಾನೇ ಮಾಡಿಕೊಡ್ತೀನಿ ಎಂದ. ಸಾಕ್ಷಿ ಇದ್ದದ್ದು ನಾಳೆ. ಮೇಲಾಗಿ ನನಗೂ ಹಟ ಇತ್ತು, ಮುಚ್ಚಿಡುವುದಿಲ್ಲ. ತನ್ನ ಯಂತ್ರವನ್ನು ತಾನು ಬಿಚ್ಚಲಾರದವನು ಅದರ ಯಜಮಾನನಲ್ಲ, ಬಾಡಿಗೆಗಿರುವವನು ಎಂದು ನಮ್ಮ ಬಳಗದ ಪುಸ್ತಿಕೆಯಲ್ಲಿ ನಾನೇ ಬರೆದಿದ್ದೆ. ಬರೆದದ್ದನ್ನು ಮಾಡದಿದ್ದರೆ ಹೇಗೆ.

ಮರುದಿನ ಬೇಕಾಗುವ ಯಂತ್ರವನ್ನು ಹಿಂದಿನ ದಿನ ಬಿಚ್ಚಿ ಕೂತೆ. ಫೋಟೊಗಳನ್ನು, ನಿನ್ನ ಹಳೆಯ ನೋಟ್ಸುಗಳನ್ನು ಬೇರೆ ಕಡೆ ತೆಗೆದಿಟ್ಟೆ. ಬೋರ್ಡಿನ ನಂಬರ್ ಸರಿಯಾಗಿ ಗೊತ್ತಾಗದೆ ತಪ್ಪು ಫೈಲು ಹಾಕಿದರೂ ಅದು ಸಾಯುತ್ತದಂತೆ. ಹಾಗಾಗಿ ಪಕ್ಕದ ತಗಡು ಬಿಚ್ಚಿ ಟಾರ್ಚ್ ಹಾಕಿದೆ. ನಂಬರ್ ಕಾಣಲಿಲ್ಲ. ಎಲ್ಲದರ ಮೇಲೂ ಬಿಳಿ ಪುಡಿ. ಮಾಮೂಲಿ ಕಸದ ಹಾಗೆ ಬೂದುಬಣ್ಣದ ನಾರು ನಾರಲ್ಲ, ನುಣುಪಾದ, ಭಾರವಾದ, ಬೆರಳಿಗೆ ಹಿಟ್ಟಿನ ಹಾಗೆ ಹತ್ತುವ ಪುಡಿ. ಅಪ್ಪ ಕೆಲಸದಿಂದ ಬಂದು ಅಂಗಿ ಕೊಡವುತ್ತಿದ್ದದ್ದು ಆ ಮೇಜಿನ ಹತ್ತಿರದ ಮೊಳೆಗೆ. ಕಂಪ್ಯೂಟರಿನ ಫ್ಯಾನು ಇಷ್ಟು ವರ್ಷ ಅದನ್ನು ಒಳಗೆ ಎಳೆದುಕೊಂಡಿದೆ. ನಾನು ಅಪ್ಪನಿಗೆ ಬೆರಳು ತೋರಿಸಿದೆ. ಅವನು ದೂರದಿಂದಲೇ ನೋಡಿ, "ಅದೂ ನಮ್ಮ ಪಾಳಿಯದೇ" ಅಂದ. ಬ್ರಷ್ಷಿನಲ್ಲಿ ಒರೆಸಿ ನಂಬರ್ ಓದಿದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದೆ, ಹೆದರಬೇಡ.

ಈಗ ಕರೆಂಟ್ ಹೋದರೆ ಬ್ಯಾಟರಿಯಿಂದ ನಡೆಸುವ ಆ ಪೆಟ್ಟಿಗೆಯ, ಯುಪಿಎಸ್ಸಿನ ಮಾತು. ನೀನು ಆಕ್ಸಿಜನ್ ಯಂತ್ರಕ್ಕೆಂದು ಅದನ್ನು ತಂದುಕೊಟ್ಟು, ಇದರ ಪ್ಲಗ್ಗನ್ನು ಯಾವ ಕಾರಣಕ್ಕೂ ಯಾರೂ ಕೀಳಬಾರದು ಎಂದು ಅಮ್ಮನ ಹತ್ತಿರವೂ ನನ್ನ ಹತ್ತಿರವೂ ಹೇಳಿಸಿಕೊಂಡು ಹೋಗಿದ್ದೆ. ಅಮ್ಮ ಔಷಧಿ ಅಂಗಡಿಗೆ ಹೋಗಿದ್ದಳು. ನಾನು ಮೊದಲು ಆಕ್ಸಿಜನ್ ಯಂತ್ರ, ಕಂಪ್ಯೂಟರು ಎರಡನ್ನೂ ಅದಕ್ಕೇ ಸಿಕ್ಕಿಸಿ ನೋಡಿದೆ. ಎರಡರ ಭಾರ ತಾಳದೆ ಅದು ಒಂದೇ ಸಮ ಕೂಗತೊಡಗಿತು. ಒಂದನ್ನು ಗೋಡೆಗೆ ಹಾಕಬೇಕಿತ್ತು. ಗೋಡೆಯ ಕರೆಂಟನ್ನು ನಂಬುವ ಹಾಗಿಲ್ಲ, ಗಿರಣಿಯ ಎರಡನೇ ಘಟಕ ಶುರುವಾದಾಗಲೆಲ್ಲ ನಮ್ಮ ಬೀದಿಯ ಫ್ಯೂಸ್ ಹಾರುತ್ತದೆ. ಆದರೆ ಅದು ಶುರುವಾಗುವುದು ಸಂಜೆಯ ಪಾಳಿಗೆ. ಇನ್ನೂ ಮಧ್ಯಾಹ್ನದ ಬಿಸಿಲು ಇಳಿದಿರಲಿಲ್ಲ. ನಾನು ಅಪ್ಪನನ್ನು ಕೇಳದೆ ಏನೂ ಮಾಡಲಿಲ್ಲ. ಅಪ್ಪ, ಸ್ವಲ್ಪ ಹೊತ್ತು ನಿನ್ನದನ್ನ ಗೋಡೆಗೆ ಹಾಕ್ತೀನಿ, ಇದು ಮುಗಿದ ತಕ್ಷಣ ವಾಪಸ್ ಹಾಕ್ತೀನಿ ಎಂದೆ. ಅವನು ಒಪ್ಪಿದ. ನಾನು ಪ್ಲಗ್ ಬದಲಿಸಿದೆ. ಆಕ್ಸಿಜನ್ ಯಂತ್ರ ಮೊದಲಿನ ಹಾಗೇ ಗುಂಯ್ ಎನ್ನುತ್ತಿತ್ತು.

ಪೆನ್‌ಡ್ರೈವ್ ಸಿಕ್ಕಿಸಿ ಶುರು ಮಾಡಿದೆ. ಕಪ್ಪು ಪರದೆ, ಒಂದು ಉದ್ದನೆಯ ಪಟ್ಟಿ, ಅದರ ಕೆಳಗೆ ಎಚ್ಚರಿಕೆ. ಯಂತ್ರವನ್ನು ಆಫ್ ಮಾಡಬೇಡಿ, ಯಾವ ಕೀಲಿಯನ್ನೂ ಒತ್ತಬೇಡಿ. ಪಟ್ಟಿ ನಿಧಾನವಾಗಿ ತುಂಬುತ್ತಿತ್ತು. ಅರ್ಧ ತಲುಪುವ ಮೊದಲೇ ಮೇಲಿನ ಫ್ಯಾನು ನಿಧಾನವಾಯಿತು. ಆಕ್ಸಿಜನ್ ಯಂತ್ರ ಒಮ್ಮೆ ಉದ್ದಕ್ಕೆ ಕೂಗಿ ಸುಮ್ಮನಾಯಿತು. ಅವತ್ತು ಗಿರಣಿಯವರು ಸಂಜೆಯ ಪಾಳಿಯನ್ನು ಮಧ್ಯಾಹ್ನಕ್ಕೇ ಎಳೆದುಕೊಂಡಿದ್ದರು, ದೊಡ್ಡ ಆರ್ಡರ್ ಇತ್ತಂತೆ. ಯಾರಿಗೂ ತಿಳಿಸಿರಲಿಲ್ಲ. ನಮ್ಮಂಥ ಬೀದಿಗಳಿಗೆ ಯಾರು ತಿಳಿಸುತ್ತಾರೆ.

ಆಗ ಅಪ್ಪ ನನ್ನ ಕಡೆ ನೋಡಿದ. ಕೈ ಎತ್ತಿದ. ಅಂಗೈ ತೆರೆದಿತ್ತು. ಓಡಲಿ ಎಂದ. ಓಡಿತು.

ಕರೆಂಟ್ ಹೋದರೆ ಬೇಕೆಂದು ಇಟ್ಟ ಆಕ್ಸಿಜನ್ ಸಿಲಿಂಡರ್ ಎಲ್ಲಿತ್ತು ಎಂದು ನೀನು ಕೇಳುತ್ತೀಯ. ಮಂಚದ ಕಾಲಿಗೆ ಸರಪಳಿ ಬಿಗಿದು ನೀನೇ ನಿಲ್ಲಿಸಿದ್ದ ಜಾಗದಲ್ಲಿತ್ತು. ತುಂಬಿತ್ತು. ಸ್ಪ್ಯಾನರ್ ಅದರ ಕತ್ತಿನಲ್ಲೇ ನೇತಾಡುತ್ತಿತ್ತು. ಪಟ್ಟಿ ಮುಗಿದ ತಕ್ಷಣ ಎದ್ದು ತೆರೆದೆ. ಅಷ್ಟು ಹೊತ್ತಿಗೆ ಅಪ್ಪನ ತುಟಿಯ ಬಣ್ಣ ಬದಲಾಗಿತ್ತು. ನೀನು ಕಲಿಸಿದ ಹಾಗೆ ಎತ್ತಿ ಕೂರಿಸಿದೆ, ಬೆನ್ನಿಗೆ ದಿಂಬು ಕೊಟ್ಟೆ, ಮಾಸ್ಕ್ ಇಟ್ಟೆ. ಅಮ್ಮ ಔಷಧಿಯ ಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಚಪ್ಪಲಿ ಬಿಡದೆ ಒಳಗೆ ಬಂದಳು. ಆಂಬ್ಯುಲೆನ್ಸ್ ಬರುವಾಗ ಬೀದಿಗೆ ಕರೆಂಟ್ ಬಂದಿತ್ತು. ಸಂಜೆ ಆಸ್ಪತ್ರೆಯ ವರಾಂಡದಲ್ಲಿ, ಹಾಸಿಗೆ ಸಿಗುವ ಮೊದಲೇ ಮುಗಿಯಿತು. ಇದಿಷ್ಟೂ ನಿನಗೆ ಗೊತ್ತು, ಫೋನಿನಲ್ಲಿ ಹೇಳಿದ್ದೆ.

ನೀನು ಬೆಳಿಗ್ಗೆ ಬಸ್ಸಿಳಿದು ಬಂದಾಗ ಕಂಡದ್ದು ನನ್ನ ಬೆನ್ನು. ಅದನ್ನು ನೀನು ಕ್ಷಮಿಸಿಲ್ಲ, ಗೊತ್ತು. ಹೊರಗೆ ಜನ ಸೇರಿದ್ದರು, ಅಪ್ಪ ನಡುಮನೆಯಲ್ಲಿದ್ದ, ಅಮ್ಮನ ಪಕ್ಕದಲ್ಲಿ ಯಾರೂ ಇರಲಿಲ್ಲ. ನಾನು ಕಂಪ್ಯೂಟರಿನ ಮುಂದೆ ಕೂತು ಹೊಸ ಸಿಸ್ಟಂ ಹಾಕುತ್ತಿದ್ದೆ. ನೀನು ನನ್ನ ಭುಜ ದಾಟಿಕೊಂಡು ಹೋದೆ. ನಿನಗೆ ಅದು ಹುಚ್ಚಿನ ಹಾಗೆ ಕಂಡಿರಬಹುದು, ಕಲ್ಲಿನ ಹಾಗೆ ಕಂಡಿರಬಹುದು. ಆದರೆ ಮಂಡಳಿ ಕೊಟ್ಟ ಹೊತ್ತು ಅದೇ ಬೆಳಿಗ್ಗೆ. ಬಯೋಸ್ ಚೆನ್ನಾಗಿತ್ತು. ಸಿಸ್ಟಂ ಒಂದು ಕಡೆಯೂ ನಿಲ್ಲದೆ ಇಳಿಯಿತು. ಮಂಡಳಿಯ ಪ್ರೋಗ್ರಾಂ ಮೊದಲ ಸಲಕ್ಕೇ ತೆರೆದುಕೊಂಡಿತು. ಅಷ್ಟು ಚೆನ್ನಾಗಿ ಆ ಯಂತ್ರ ಎಂದೂ ಓಡಿರಲಿಲ್ಲ ಅಕ್ಕ. ಹೇಳಿದ ಹೊತ್ತಿಗೆ ಗುಮಾಸ್ತ ಪರದೆಯ ಮೇಲೆ ಬಂದು, ಸಾಕ್ಷಿ ಎಲ್ಲಿ ಎಂದರು. ನಾನು ಕ್ಯಾಮೆರಾವನ್ನು ನಡುಮನೆಯ ಕಡೆ ತಿರುಗಿಸಿದೆ. ಗಿರಣಿಯ ವಕೀಲರು ತಲೆ ತಗ್ಗಿಸಿದರು. ಗುಮಾಸ್ತ ಏನೋ ಗೀಚಿಕೊಂಡು, ಸಾಕ್ಷಿ ಗೈರುಹಾಜರು ಎಂದು ಓದಿದರು. ಪಾಪ, ಅವರಿಗೆ ಬೇರೆ ಪದ ಇರಲಿಲ್ಲವೇನೋ.

ಕೇಸು ಅಲ್ಲಿಗೆ ಮುಗಿಯುತ್ತಿತ್ತು. ಮುಗಿಯದಂತೆ ತಡೆದದ್ದು ಕರಪತ್ರ. ಇದನ್ನು ನೀನು ಸಾವಧಾನವಾಗಿ ಓದಬೇಕು. ಬಳಗದ ಸಭೆಯಲ್ಲಿ ಕಾರ್ಯದರ್ಶಿ ನನ್ನನ್ನು ಕೇಳಿದರು, ಕೊನೆಗಳಿಗೆಯಲ್ಲಿ ಅವರು ಏನಾದರೂ ಹೇಳಿದರಾ ಎಂದು. ನಾನು ಹೇಳಿದೆ. ಚಿತ್ರ ಬರೆಯುವ ಹುಡುಗಿ ಅಲ್ಲೇ ಕೂತು ಅಂಗೈ ಬರೆದಳು. ವಾರದೊಳಗೆ ಗಿರಣಿಯ ಗೇಟಿನ ಮುಂದೆ ಜನ ನಿಂತರು. ಎಂದೂ ಬೀದಿಗೆ ಬಾರದ ಹೆಂಗಸರು ಬಂದರು. ಎಲ್ಲರೂ ಒಟ್ಟಿಗೆ ಅಂಗೈ ಎತ್ತಿದರು, ಯಾರೂ ಘೋಷಣೆ ಕೂಗಲಿಲ್ಲ. ಮಂಡಳಿ ಕೇಸನ್ನು ಮತ್ತೆ ತೆರೆದು ಹೊಸ ದಿನ ಕೊಟ್ಟಿದೆ. ನಾನು ಹೇಳಿದ ಒಂದು ಮಾತಿನಿಂದ ಇಷ್ಟು ಆಯಿತು.

ಮೇಸ್ತ್ರಿ ಮನೆಗೆ ಬಂದರು. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು, ಕುರ್ಚಿಯಲ್ಲಿ ಕೂತು ಸುಧಾರಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಏಣಿ ಹಿಡಿದವನು ನಾನು, ನಾನು ಹೇಳ್ತೀನಿ ಅಂದರು. ಮಗನ ಕೆಲಸ ಹೋಗುತ್ತಲ್ಲ ಮೇಸ್ತ್ರಿ ಎಂದು ಅಮ್ಮ ಕೇಳಿದಳು. "ಹೋಗ್ಲಿ ಬಿಡಮ್ಮ. ಅವನೆದೆ ಇನ್ನೂ ಚೆನ್ನಾಗಿದೆ, ಬೇರೆ ಕಡೆ ದುಡೀತಾನೆ" ಅಂದರು. ಅಪ್ಪನ ಕುರ್ಚಿಯಲ್ಲಿ, ಅದೇ ಕಂಪ್ಯೂಟರಿನ ಮುಂದೆ ಅವರು ಕೂರುತ್ತಾರೆ. ಹೊರಡುವಾಗ ಕರಪತ್ರವನ್ನು ಮಡಚಿ ಜೇಬಿಗಿಡುತ್ತ, "ಅಂಗೈ ತೋರಿಸಿದ್ನಾ" ಅಂದರು. ಹೌದು ಎಂದೆ. "ಉಸಿರು ಸಿಗದೇ ಇರೋವಾಗ ಅಷ್ಟು ಮೇಲೆ ಕೈ ಎತ್ತೋಕಾಗುತ್ತೇನಮ್ಮ. ನಂಗಂತೂ ಆಗಲ್ಲ" ಅಂದರು. ಆಮೇಲೆ, ಅವನು ಗಟ್ಟಿ ಆಸಾಮಿ ಬಿಡು ಎಂದು ತಾವೇ ಸಮಾಧಾನ ಮಾಡಿಕೊಂಡು ಇಳಿದು ಹೋದರು.

ಅಮ್ಮ ನನ್ನನ್ನು ಏನೂ ಕೇಳಿಲ್ಲ. ಚಹಾ ಮಾಡುತ್ತಾಳೆ, ಮೂರು ಲೋಟ ಇಡುತ್ತಾಳೆ, ಒಂದನ್ನು ವಾಪಸ್ ಎತ್ತಿಡುತ್ತಾಳೆ. ಮಧ್ಯಾಹ್ನ ಮಲಗುವಾಗ ಆಕ್ಸಿಜನ್ ಯಂತ್ರವನ್ನು ಖಾಲಿ ಓಡಿಸುತ್ತಾಳೆ. ಆ ಸದ್ದಿಲ್ಲದೆ ಕಣ್ಣು ಹತ್ತುವುದಿಲ್ಲವಂತೆ. ಅದನ್ನು ಮೇಸ್ತ್ರಿಗೆ ಕೊಡೋಣ ಎಂದು ನಾನು ಅಂದದ್ದಕ್ಕೆ, ನಿಮ್ಮಕ್ಕ ಬಂದು ಕೊಡಲಿ, ಅವಳು ತಂದಿದ್ದು ಅಂದಳು. ಕರಪತ್ರವನ್ನು ಒಂದೇ ಸಲ ನೋಡಿದಳು. ಕನ್ನಡಕ ಹಾಕಿಕೊಂಡು, ಕಿಟಕಿಯ ಹತ್ತಿರ ಹಿಡಿದು. "ಇದು ನಿಮ್ಮಪ್ಪನ ಕೈ ಅಲ್ವಲ್ಲ" ಅಂದಳು. ಅಪ್ಪನ ಬಲಗೈಯ ಕಿರುಬೆರಳಿನ ತುದಿ ಗಿರಣಿಯ ಬೆಲ್ಟಿಗೆ ಸಿಕ್ಕಿ ಹೋಗಿತ್ತಲ್ಲ, ಚಿತ್ರದಲ್ಲಿ ಐದೂ ಬೆರಳು ಪೂರ್ತಿ ಇವೆ. ಚಿತ್ರ ಬರೆಯುವವರು ಯಾರದೋ ಕೈ ಮುಂದಿಟ್ಟುಕೊಂಡು ಬರೀತಾರಮ್ಮ ಎಂದೆ. ಅವಳು ಅದನ್ನು ಮಡಚದೆ, ಹರಿಯದೆ, ಮೇಜಿನ ಮೇಲೆ ಬೋರಲಾಗಿ ಇಟ್ಟಳು. ನೀನೂ ಆ ಬೆರಳನ್ನೇ ನೋಡಿರಬೇಕು.

ಅಕ್ಕ, ಅಪ್ಪನನ್ನು ಕೊಂದವರು ಯಾರು ಎಂಬುದರಲ್ಲಿ ನನಗೆ ಗೊಂದಲವಿಲ್ಲ, ನಿನಗೂ ಇರಬಾರದು. ಅವರು ಇಪ್ಪತ್ತು ವರ್ಷದಿಂದ, ದಿನಕ್ಕೆ ಒಂದಿಷ್ಟು ಎಂದು ಕೊಂದರು. ಫ್ಯಾನು ಬಿಚ್ಚಿಸಿದ ದಿನ ಕೊಂದರು. ನಮ್ಮ ಬೀದಿಯ ಕರೆಂಟನ್ನು ತಮ್ಮ ಮೋಟರಿಗೆ ಎಳೆದುಕೊಂಡಾಗ ಕೊಂದರು. ಒಂದು ಪ್ಲಗ್ಗನ್ನು ಇಲ್ಲಿಂದ ಅಲ್ಲಿಗೆ ಹಾಕಿದ್ದು ಇಷ್ಟೆಲ್ಲದರ ಮುಂದೆ ಏನು. ನೀನು ವಾರ್ಡಿನಲ್ಲಿ ಒಬ್ಬೊಬ್ಬರ ನಾಡಿ ಹಿಡಿದು ನೋಡುವವಳು, ನಾನು ಹನ್ನೊಂದು ಜನರನ್ನು ಒಟ್ಟಿಗೆ ನೋಡಲು ಕಲಿತವಳು. ಎರಡೂ ಬೇಕು ಎಂದು ನೀನೇ ಒಮ್ಮೆ ಅಂದಿದ್ದೆ. ಹಾಗಿರುವಾಗ ಈಗ ಒಂದು ಕೈ ಮೇಲಿತ್ತೋ ಕೆಳಗಿತ್ತೋ ಎಂದು ಹಿಡಿದು ಕೇಳುವುದರಿಂದ ಯಾರಿಗೆ ಉಪಕಾರ. ಆ ಅಂಗೈ ಇಲ್ಲದಿದ್ದರೆ ಮೇಸ್ತ್ರಿ ಬರುತ್ತಿರಲಿಲ್ಲ. ಮೇಸ್ತ್ರಿ ಬರದಿದ್ದರೆ ಹತ್ತು ಮನೆಗಳಲ್ಲಿ ಹತ್ತು ಮಂಚಗಳು ಹಾಗೇ ಉಳಿಯುತ್ತಿದ್ದವು.

ನೀನು ಮನೆಗೆ ಬಾ. ನನ್ನ ಮೇಲಿನ ಸಿಟ್ಟನ್ನು ಜೊತೆಗೇ ತಾ, ಅದಕ್ಕೆ ಇಲ್ಲಿ ಜಾಗವಿದೆ. ಅಮ್ಮನಿಗಾಗಿ ಬಾ, ಮೇಸ್ತ್ರಿಗೆ ಆ ಯಂತ್ರ ಕೊಡುವುದಕ್ಕಾಗಿ ಬಾ. ಅವರು ಸಾಕ್ಷಿ ಹೇಳುವ ಹೊತ್ತಿಗೆ ಪಕ್ಕದಲ್ಲಿ ನರ್ಸ್ ಒಬ್ಬಳು ಇರಬೇಕು ಎಂದು ಡಾಕ್ಟರು ಹೇಳಿದ್ದಾರೆ. ಬೇರೆ ಯಾರನ್ನೋ ಕರೆಯಬಹುದು. ನೀನಿದ್ದರೆ ಆ ಕೋಣೆಯಲ್ಲಿ ನನಗೂ ನಿಲ್ಲಲು ಧೈರ್ಯ ಬರುತ್ತದೆ. ಯುಪಿಎಸ್ಸಿಗೆ ಈಗ ಆಕ್ಸಿಜನ್ ಯಂತ್ರವನ್ನೇ ಹಾಕಿದ್ದೇನೆ, ಕಂಪ್ಯೂಟರು ಗೋಡೆಗೆ. ಅದರ ಬಯೋಸ್ ಬರೆದಾಗಿದೆ, ಇನ್ನು ಕರೆಂಟ್ ಹೋದರೂ ಅದು ಸಾಯುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಬರೆದಿದ್ದೇನೆ ಎಂದುಕೊಂಡು ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಬೆನ್ನ ಹಿಂದೆ ಹುಟ್ಟಿದವಳು,
ಭಾಷಣ

ಮರೆಯದೆ ಬರೆಯಬೇಕಾದದ್ದು: ಅಂಚೆಗೆ ಹಾಕಲು ಹೋದವಳು ವಾಪಸ್ ಬಂದು ಮತ್ತೆ ಲಕೋಟೆ ಒಡೆದಿದ್ದೇನೆ. ಅಪ್ಪ ಅಂಗೈ ತೋರಿಸಿದ್ದು ನಿಜ. ಅದು ನಾನು ಪ್ಲಗ್ ಬದಲಿಸಲೇ ಎಂದು ಕೇಳಿದಾಗ, ಕರೆಂಟ್ ಇದ್ದಾಗ. ಮಂಚದಿಂದ ಎತ್ತದೆ, ಮಲಗಿದ ಕಡೆಯೇ ಬಿಡಿಸಿ ತೋರಿಸಿದ. ಕರೆಂಟ್ ಹೋದ ಮೇಲೆ ಅವನು ಬಲಗೈಯನ್ನು ಎಡಭುಜದ ಮೇಲೆ ಇಟ್ಟುಕೊಂಡ. ಅದು ಜಾರಿತು. ಮತ್ತೆ ಇಟ್ಟುಕೊಂಡ. ಯಂತ್ರ ನಿಲ್ಲಿಸು ಎನ್ನಲಿಲ್ಲ ಅಕ್ಕ, ಮುಷ್ಟಿ ಕಟ್ಟಲಿಲ್ಲ. ಅದು ಓಡುತ್ತಲೇ ಇರಬಹುದಿತ್ತು. ಯಾವ ಕೀಲಿಯನ್ನೂ ಒತ್ತಬೇಡಿ ಎಂದು ಪರದೆಯೇ ಹೇಳುತ್ತಿತ್ತು, ಅದರ ಮುಂದೆ ನನಗೆ ಯಾವ ಕೆಲಸವೂ ಇರಲಿಲ್ಲ. ನಾನು ಅಪ್ಪನನ್ನು ನೋಡಿದೆ, ಕೂತಲ್ಲಿಂದಲೇ ನನ್ನ ಕೈ ಎತ್ತಿದೆ, ಅಂಗೈ ತೆರೆದು ತೋರಿಸಿ, ಮತ್ತೆ ಪಟ್ಟಿಯ ಕಡೆ ತಿರುಗಿದೆ. ಚಿತ್ರ ಬರೆಯುವ ಹುಡುಗಿ ಹೇಗಿತ್ತು ತೋರಿಸು ಎಂದಾಗಲೂ ಹಾಗೇ ಎತ್ತಿ ತೋರಿಸಿದೆ. ಗೋಡೆಗಳ ಮೇಲಿರುವುದು ಆ ಕೈ.